ಉಸಿರು ಮರೆಯುವ ಕೂಸು

ಅಮೀರ್‌ಪೇಟ್‌ನಲ್ಲಿ ನಮ್ಮ ಸ್ಕ್ಯಾನಿಂಗ್ ಸೆಂಟರ್ ನೆಲಮಹಡಿಯಲ್ಲಿತ್ತು, ಮೇಲೆ ಜಾವಾ ಕಲಿಸುವ ಇನ್‌ಸ್ಟಿಟ್ಯೂಟ್. ಬೆಳಗಾದರೆ ಮೆಟ್ಟಿಲ ಮೇಲೆ ವಿದ್ಯಾರ್ಥಿಗಳ ಚಪ್ಪಲಿ ಸದ್ದು, ನಮ್ಮ ಬಾಗಿಲಲ್ಲಿ ವೀಸಾಕ್ಕಾಗಿ ಎದೆಯ ಎಕ್ಸ್‌ರೇ ತೆಗೆಸುವವರ ಸಾಲು. ಊರಿಗೆ ಊರೇ ವಿಮಾನ ಹತ್ತಲು ಹೊರಟಂತಿದ್ದ ಕಾಲ. ಆ ಆರೋಗ್ಯವಂತ ಶ್ವಾಸಕೋಶಗಳನ್ನೆಲ್ಲ ನೋಡಿ ‘ನಾರ್ಮಲ್’ ಎಂದು ಬರೆಯುವಷ್ಟರಲ್ಲಿ ನನ್ನ ಕಾಫಿ ಆರಿರುತ್ತಿತ್ತು. ರೇಡಿಯಾಲಜಿಸ್ಟರ ಕೆಲಸವೇ ಹಾಗೆ. ಕತ್ತಲೆ ಕೋಣೆಯಲ್ಲಿ ಕೂತು ಜನರ ಒಳಗನ್ನು ನೋಡುವುದು, ಮುಖ ನೋಡದಿರುವುದು. ನನಗೆ ಅದು ಒಗ್ಗಿತ್ತು. ಮುಖ ನೋಡಿದರೆ ಮಾತಾಡಬೇಕು, ಮಾತಾಡಿದರೆ ಫಿಲ್ಮು ಹೇಳದೆ ಇದ್ದದ್ದನ್ನೂ ಹೇಳಬೇಕಾಗುತ್ತದೆ.

ಭಾನುವಾರ ಮಾತ್ರ ಬೇರೆ ಥರ. ಹುಟ್ಟಿನಿಂದ ಬರುವ ಕಾಯಿಲೆಗಳನ್ನು ನೋಡುವ ಮಕ್ಕಳ ವೈದ್ಯೆಯೊಬ್ಬರು ತಮ್ಮ ಬಳಿ ಬರುವ ಗಿಡ್ಡ ಮಕ್ಕಳನ್ನೆಲ್ಲ ಒಮ್ಮೆ ಎಂಆರ್‌ಐ ಮಾಡಿಸಬೇಕೆಂದು ಹಟ ಹಿಡಿದಿದ್ದರು. ವಾರದ ದಿನ ಯಂತ್ರಕ್ಕೆ ಬಿಡುವಿರುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ನಾನೂ ನಮ್ಮ ಟೆಕ್ನಿಷಿಯನ್ನೂ ಬರುತ್ತಿದ್ದೆವು. ಆತ ನಾಚಾರಂ ಕಡೆಯ ತೆಲುಗಿನವನು, ಮಿತಭಾಷಿ, ಮಕ್ಕಳನ್ನು ಕಂಡರೆ ಮಾತ್ರ ಬಾಯಿ ಬಿಡುವವನು.

ಈ ಮಕ್ಕಳಿಗೆ ಇರುವುದು ಅಕೊಂಡ್ರೊಪ್ಲಾಸಿಯ. ಮೂಳೆಯ ಬೆಳವಣಿಗೆಗೆ ಕಡಿವಾಣ ಹಾಕುವ ಒಂದು ಜೀನು, ಹುಟ್ಟುವ ಮೊದಲೇ ಎಡವಿ, ಆ ಕಡಿವಾಣವನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ಅಪ್ಪ ಅಮ್ಮ ಸಾಮಾನ್ಯವಾಗಿ ಎಲ್ಲರಂತೆ ಎತ್ತರವೇ ಇರುತ್ತಾರೆ. ಮಗುವಿನ ಕೈಕಾಲು ಗಿಡ್ಡ, ಹಣೆ ಉಬ್ಬು, ತಲೆ ದೊಡ್ಡದು. ಬುದ್ಧಿಗೆ ಏನೂ ಕೊರತೆಯಿಲ್ಲ. ತಲೆಯ ಸ್ಕ್ಯಾನ್ ಮಾಡಿದರೆ ಮಿದುಳಿನ ಒಳಗಿನ ನೀರಿನ ಕೋಣೆಗಳು ಅಗಲವಾಗಿ ಕಾಣುತ್ತವೆ. ನೋಡಿದವರು ಹೌಹಾರಿ ‘ತಲೆಯಲ್ಲಿ ನೀರು ತುಂಬಿದೆ’ ಎನ್ನುತ್ತಾರೆ. ಬಹಳ ಮಕ್ಕಳಲ್ಲಿ ಆ ನೀರು ತನ್ನ ಪಾಡಿಗೆ ತಾನಿರುತ್ತದೆ. ಅಪಾಯ ಇರುವುದು ಕೆಳಗೆ, ತಲೆಬುರುಡೆಯ ತಳದಲ್ಲಿ. ಮಿದುಳು ಬೆನ್ನುಹುರಿಯಾಗಿ ಇಳಿದುಹೋಗುವ ಒಂದು ತೂತು ಅಲ್ಲಿದೆ. ತಲೆಯ ಮೇಲ್ಭಾಗದ ಮೂಳೆ ಬೆಳೆಯುವ ರೀತಿ ಬೇರೆ, ತಳದ ಮೂಳೆ ಬೆಳೆಯುವುದು ಕೈಕಾಲಿನ ಮೂಳೆಯ ಹಾಗೆ. ಆದ್ದರಿಂದ ಗಡಿಗೆ ದೊಡ್ಡದಾಗುತ್ತದೆ, ಬಾಯಿ ಚಿಕ್ಕದಾಗಿಯೇ ಉಳಿಯುತ್ತದೆ. ಉಸಿರಾಡು ಎಂದು ಎದೆಗೆ ಹೇಳುವ ನರಗಳೆಲ್ಲ ಆ ಬಾಯಿಯಲ್ಲೇ ಹಾದುಹೋಗಬೇಕು.

ಮಾಮೂಲಿ ತಲೆಯ ಸಿಟಿ ಸ್ಕ್ಯಾನಿನಲ್ಲಿ ಈ ತೂತು ಸರಿಯಾಗಿ ಸಿಗುವುದಿಲ್ಲ. ನಮ್ಮ ಭಾನುವಾರಗಳ ಉದ್ದೇಶವೇ ಅದನ್ನು ಪಕ್ಕದಿಂದ ಸೀಳಿದಂತೆ ನೋಡುವುದಾಗಿತ್ತು. ಬಂದ ಮಕ್ಕಳಲ್ಲಿ ಹಲವರಿಗೆ ತೂತು ಇಕ್ಕಟ್ಟಾಗಿದ್ದರೂ ಹುರಿಯ ಸುತ್ತ ಸ್ವಲ್ಪ ನೀರು, ಅಂದರೆ ಸ್ವಲ್ಪ ಜಾಗ, ಉಳಿದಿರುತ್ತಿತ್ತು. ‘ಸದ್ಯಕ್ಕೆ ಪರವಾಗಿಲ್ಲ, ಮತ್ತೆ ನೋಡೋಣ’ ಎಂದು ಬರೆಯುತ್ತಿದ್ದೆ.

ಅಂಥ ಒಂದು ಭಾನುವಾರ ಟೆಕ್ನಿಷಿಯನ್ ಬಂದು ಬಾಗಿಲು ತಟ್ಟಿದ. “ಮೇಡಂ, ಮೀ ಭಾಷ ವಾಳ್ಳು,” ಎಂದ. ನಿಮ್ಮ ಭಾಷೆಯವರು.

ಹೊರಗೆ ಬೆಂಚಿನ ತುದಿಯಲ್ಲಿ ಎಳೆಯ ವಯಸ್ಸಿನ ತಾಯಿ, ಪಕ್ಕದಲ್ಲಿ ಅವಳ ಅತ್ತೆ, ಅತ್ತೆಯ ಮಡಿಲಲ್ಲಿ ಇನ್ನೂ ವರ್ಷ ತುಂಬದ ಹೆಣ್ಣು ಕೂಸು. ಯಾದಗಿರಿ ಕಡೆಯವರು. ಮಾದಾಪುರದಲ್ಲಿ ಏಳುತ್ತಿದ್ದ ಗಾಜಿನ ಕಟ್ಟಡವೊಂದರಲ್ಲಿ ಗಂಡ ಸೆಂಟ್ರಿಂಗ್ ಕೆಲಸಕ್ಕೆ, ಹೆಂಡತಿ ಇಟ್ಟಿಗೆ ಹೊರುವುದಕ್ಕೆ. ನಾನು ಧಾರವಾಡದವಳು. ನಾನು ‘ಐತಿ’ ಎಂದರೆ ಅವರು ‘ಅದ’ ಎನ್ನುವವರು, ಆದರೂ ಮಾತು ಕಿವಿಗೆ ಬಿದ್ದದ್ದೇ ಇಬ್ಬರ ಮುಖವೂ ಸಡಿಲವಾಯಿತು.

“ಏನ್ ತ್ರಾಸ ಐತಿ ಕೂಸಿಗೆ?” ಎಂದೆ.

“ತಲ್ಯಾಗ ನೀರು ಅದ ಅಂದಾರ್ರಿ ಬಾಯಾರ,” ಎಂದಳು ತಾಯಿ. ಅವರ ಕಡೆ ಡಾಕ್ಟರ್ ಹೆಂಗಸನ್ನು ಬಾಯಿ ಎನ್ನುತ್ತಾರೆ, ಮರ್ಯಾದೆಗೆ ಬಾಯಾರ. “ಮತ್ತ… ನಿದ್ದ್ಯಾಗ ಉಸರು ಮರೀತದ್ರಿ.”

“ಮರೀತದ ಅಂದ್ರ?”

“ಮಲ್ಕೊಂಡಿರ್ತದ, ಒಮ್ಮಿಗೇ ಎದಿ ನಿಂತುಬಿಡ್ತದ. ಅಂಗಾಲಿಗೆ ಚಿವುಟಿದ್ರ ಮತ್ತ ನೆಪ್ಪಾಗಿ ಉಸರು ತಗೋತದ.”

ಅಷ್ಟರಲ್ಲಿ ಟೆಕ್ನಿಷಿಯನ್ ನಿದ್ದೆ ಸಿರಪ್ಪಿನ ಬಾಟಲಿ ಹಿಡಿದು ಬಂದಿದ್ದ. ಎಂಆರ್‌ಐ ಒಳಗೆ ಮಗು ಅಲುಗಾಡಬಾರದು. ಚಿಕ್ಕ ಮಕ್ಕಳಿಗೆ ಸಿರಪ್ ಕುಡಿಸಿ ಮಲಗಿಸುವುದೇ ಎಲ್ಲ ಕಡೆಯ ಪದ್ಧತಿ. “ಇವ್ವಾಲಾ ಮೇಡಂ?” ಕೊಡಲಾ ಎಂದು ಕೇಳಿದ. ನಿದ್ದೆಯಲ್ಲಿ ಉಸಿರು ಮರೆಯುವ ಕೂಸಿಗೆ ನಿದ್ದೆಯ ಔಷಧಿ! ಬೇಡ ಎಂದೆ. ಆತ ಗಡಿಯಾರ ನೋಡಿದ, ಆಮೇಲೆ ನನ್ನ ಮುಖ ನೋಡಿದ. ಸಿರಪ್ ಇಲ್ಲದೆ ಈ ಕೆಲಸ ಸಂಜೆಯಾದರೂ ಮುಗಿಯುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ತಾಯಿ ಹಾಲು ಕುಡಿಸಿ ತಾನಾಗಿ ಮಲಗಿಸಲಿ, ಮಲಗಿದ ಮೇಲೆ ಒಳಗೆ ಒಯ್ಯೋಣ ಎಂದು ಗೊತ್ತುಮಾಡಿದೆವು. ಅದಕ್ಕೆ ಮೊದಲು ಲೋಹವನ್ನೆಲ್ಲ ತೆಗೆಯಬೇಕು. ಯಂತ್ರ ಎಂದರೆ ಅಯಸ್ಕಾಂತ, ಚಿಕ್ಕ ಪಿನ್ನನ್ನೂ ಸೆಳೆದು ಹಾರಿಸಿಬಿಡುತ್ತದೆ. ಕೂಸಿನ ಉಡದಾರಕ್ಕೆ ತಾಯಿತ ಕಟ್ಟಿತ್ತು. ಅದನ್ನು ಕತ್ತರಿಸಲು ಅಜ್ಜಿ ಒಪ್ಪಲಿಲ್ಲ, ಹಲ್ಲಿನಿಂದ ಗಂಟು ಬಿಡಿಸಿ ತನ್ನ ಸೆರಗಿಗೆ ಕಟ್ಟಿಕೊಂಡಳು. ಟೆಕ್ನಿಷಿಯನ್ ಕೈಯಲ್ಲಿದ್ದ ಸಣ್ಣ ಅಯಸ್ಕಾಂತವನ್ನು ಕೂಸಿಗೆ ಸುತ್ತಿದ್ದ ದುಪ್ಪಟಿಯ ಮೇಲೆ ಆಡಿಸಿದಾಗ ಒಂದು ಮೂಲೆಯಲ್ಲಿ ಟಕ್ಕೆಂದು ಹಿಡಿಯಿತು. ಬಿಚ್ಚಿ ನೋಡಿದರೆ ಹೊಲಿಗೆಯೊಳಗೆ ಕಬ್ಬಿಣದ ಮೊಳೆ. ಕೂಸಿಗೆ ದೃಷ್ಟಿಯಾಗಬಾರದು, ಬೆಚ್ಚಬಾರದು ಎಂದು ಅಜ್ಜಿ ಹೊಲಿದಿಟ್ಟದ್ದು. ನನ್ನ ಮಗನ ತೊಟ್ಟಿಲಲ್ಲೂ ನಮ್ಮಮ್ಮ ಅಡಕತ್ತರಿ ಇಟ್ಟಿದ್ದಳು, ನಾನೇನು ಹೇಳಲಿ. ದುಪ್ಪಟಿ ಬದಲಿಸಿದೆವು.

ಕೂಸು ಮಡಿಲಲ್ಲಿ ಮಲಗಲಿಲ್ಲ. ಅಜ್ಜಿ ಎದ್ದು, ಚೀಲದಿಂದ ಹಳೆ ಸೀರೆ ತೆಗೆದು, ನಮ್ಮ ಹೊರಕೋಣೆಯ ಕಿಟಕಿಯ ಸರಳಿಗೂ ಕಂಬಕ್ಕೂ ಜೋಲಿ ಕಟ್ಟಿದಳು. ಎರಡು ತೂಗಿಗೆ ಕೂಸು ಕಣ್ಣು ಮುಚ್ಚಿತು. ನಾನು ಹತ್ತಿರ ಹೋಗಿ ಬಗ್ಗಿ ನೋಡಿದೆ. ಜೋಲಿಯ ಕುಳಿಯಲ್ಲಿ ಬೆನ್ನು ಬಿಲ್ಲಾಗಿತ್ತು, ಆ ದೊಡ್ಡ ತಲೆ ಮುಂದಕ್ಕೆ ಬಾಗಿ ಗದ್ದ ಎದೆಗೆ ಒತ್ತಿತ್ತು. ಹೊಟ್ಟೆ ಏರಿತು, ಇಳಿಯಿತು, ಏರಿತು, ಇಳಿಯಿತು. ಆಮೇಲೆ ಏರಲಿಲ್ಲ. ನಾನು ಕಾದೆ. ಡಾಕ್ಟರಾಗಿ ಅಷ್ಟು ವರ್ಷವಾಗಿದ್ದರೂ ಬರಿಗಣ್ಣಿನಲ್ಲಿ ಉಸಿರು ನಿಂತದ್ದನ್ನು ಹಾಗೆ ನಿಂತು ನೋಡಿರಲಿಲ್ಲ. ತಾಯಿ ನನ್ನನ್ನು ಸರಿಸಿ ಕೈಹಾಕಿ ಅಂಗಾಲು ಚಿವುಟಿದಳು. ಹೊಟ್ಟೆ ಏರಿತು.

ಜೋಲಿ ಬಿಚ್ಚಿಸಿದೆ. ಅಜ್ಜಿ ಸೀರೆ ಮಡಿಚುತ್ತಾ ಏನೋ ಗೊಣಗಿದಳು.

ಮೊದಲ ಸಲ ಒಳಗೆ ಒಯ್ದಾಗ ಯಂತ್ರದ ಬಡಿತಕ್ಕೆ ಕೂಸು ಎದ್ದುಬಿಟ್ಟಿತು. ಮತ್ತೆ ಹಾಲು, ಮತ್ತೆ ಭುಜದ ಮೇಲೆ ತಟ್ಟುವುದು. ಎರಡನೇ ಸಲ ಒಂದು ಸುತ್ತಿನ ಚಿತ್ರಗಳು ಅರ್ಧ ಬರುವಷ್ಟರಲ್ಲಿ ಕರೆಂಟು ಹೋಯಿತು. ಯಂತ್ರ ಮತ್ತೆ ಸಜ್ಜಾಗುವ ತನಕ ಮೇಲಿನ ಮಹಡಿಯ ಜಾವಾ ಮೇಷ್ಟ್ರ ದನಿ ಕೇಳುತ್ತಾ ಕೂತೆವು. ಮೂರನೇ ಸಲಕ್ಕೆ ಟೆಕ್ನಿಷಿಯನ್ ಕಿವಿಗೆ ಹತ್ತಿ ತುರುಕಿ, ತಲೆಯ ಸುತ್ತ ಚಿತ್ರ ಹಿಡಿಯುವ ಪಂಜರದಂಥ ಕಾಯಿಲ್ ಇಟ್ಟು, ಅಭ್ಯಾಸಬಲದಿಂದ ತಲೆಯಡಿ ದಿಂಬಿಡಲು ಹೋದ. ಜೋಲಿಯಲ್ಲಿ ಕಂಡದ್ದು ನನ್ನ ಕಣ್ಣಲ್ಲೇ ಇತ್ತು. ದಿಂಬು ತೆಗೆಸಿ, ಟವೆಲ್ ಸುತ್ತಿ ಭುಜದಡಿ ಇಟ್ಟೆವು. ತಲೆ ಹಿಂದಕ್ಕೆ ಹೋಗಿ ಕುತ್ತಿಗೆ ನೆಟ್ಟಗಾಯಿತು. ಅಯಸ್ಕಾಂತದ ಕೋಣೆಯಲ್ಲಿ ಇಡಬಹುದಾದ ಉಸಿರಿನ ಮಾನಿಟರು ಆಗ ನಮ್ಮಲ್ಲಿರಲಿಲ್ಲ. ಬಳೆ, ವಾಚು ಕಳಚಿಟ್ಟು ನಾನೇ ಒಳಗೆ ಕೂತು, ಸುರಂಗದೊಳಗೆ ಕೈ ಚಾಚಿ ಕೂಸಿನ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡೆ. ಆ ಗಡಗಡ ಸದ್ದಿನ ನಡುವೆ ನನಗೆ ಗೊತ್ತಾಗುತ್ತಿದ್ದದ್ದು ಆ ಹೊಟ್ಟೆ ಏರಿಳಿಯುವುದೊಂದೇ.

ಈ ಸಲ ಎಲ್ಲ ಚಿತ್ರಗಳೂ ಬಂದವು. ಪರದೆಯ ಮುಂದೆ ಕೂತಾಗ ಟೆಕ್ನಿಷಿಯನ್‌ಗೂ ತಿಳಿಯಿತು, ಅವನು ನಾಲಿಗೆ ಲೊಚಗುಟ್ಟಿದ. ನೀರಿನ ಕೋಣೆಗಳು ಅಗಲವಾಗಿದ್ದವು, ಅದು ನಿರೀಕ್ಷಿಸಿದ್ದೇ. ಕೆಳಗೆ, ತೂತಿನ ಬಳಿ, ಹುರಿಯ ಮುಂದೆಯೂ ಹಿಂದೆಯೂ ನೀರಿನ ಗೆರೆಯೇ ಇರಲಿಲ್ಲ. ಹಿಂದಿನಿಂದ ಮೂಳೆಯ ಅಂಚು ಹುರಿಯನ್ನು ಹಿಂಡಿತ್ತು. ಹಿಂಡಿದ ಜಾಗದಲ್ಲಿ, ಹುರಿಯ ಒಳಗೆ, ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ. ನರಕ್ಕೆ ಆಗಲೇ ಪೆಟ್ಟು ಬಿದ್ದಿದೆ ಎಂದು ಅದರ ಅರ್ಥ.

ನಮ್ಮ ರೂಢಿಯ ಪ್ರಕಾರ ಇಲ್ಲಿಗೆ ನನ್ನ ಕೆಲಸ ಮುಗಿಯಬೇಕು. ವರದಿಯು ಮಗುವನ್ನು ಕಳಿಸಿದ ವೈದ್ಯರಿಗೆ ಹೋಗುತ್ತದೆ, ತಿಳಿಸುವುದು ಅವರು. ಆ ವೈದ್ಯೆ ಊರಲ್ಲಿರಲಿಲ್ಲ, ವಾರದ ನಂತರ ಬರುವವರಿದ್ದರು. ವಾರವೆಲ್ಲ ಈ ಕೂಸು ಜೋಲಿಯಲ್ಲಿ ಮಲಗುತ್ತದೆ. ನಾನು ಎದ್ದು ಹೊರಗೆ ಹೋಗಿ ಇಬ್ಬರನ್ನೂ ಒಳಗೆ ಕರೆದೆ, ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಬೆರಳಿಟ್ಟು ತೋರಿಸಿದೆ. ಇದು ಮಿದುಳು, ಇದು ಬೆನ್ನಿಗಿಳಿಯುವ ಹುರಿ, ಇಲ್ಲಿ ಎಲುಬು ಹಿಚುಕುತ್ತಿದೆ, ಅದಕ್ಕೇ ಉಸಿರು ನಿಲ್ಲುತ್ತಿದೆ, ಆಪರೇಷನ್ ಆಗಬೇಕು.

“ಅಲ್ಲೀತನಕ ಜೋಲ್ಯಾಗ ಹಾಕೂ ಹಂಗಿಲ್ಲ. ಸಪಾಟ ನೆಲದ ಮ್ಯಾಲೆ ಮಲಗಸ್ರಿ, ಭುಜದ ಕೆಳಗ ಅರಬಿ ಸುತ್ತಿ ಇಡ್ರಿ. ಕುತ್ತಿಗಿಗೆ ಧಕ್ಕಿ ಆಗಬಾರದು. ಎಣ್ಣಿ ಹಚ್ಚಿ ನೀರು ಎರಿಯೂದು ಯಾರು?”

“ನಾನೇ ಎರೀತೀನಿ,” ಎಂದಳು ಅಜ್ಜಿ. ಅಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ ಅವಳ ಬೆನ್ನು ನೆಟ್ಟಗಾಯಿತು. “ನಮ್ಮ ಓಣ್ಯಾಗಿನ ಕೂಸಿಗೆಲ್ಲ ನಾನೇ ಎರದೀನ್ರಿ. ಸೊಟ್ಟ ಕಾಲು ನೆಟ್ಟಗ ಮಾಡೀನಿ.”

“ಹೆಂಗ ಎರೀತೀ? ತೋರ್ಸು.”

ಅಜ್ಜಿ ಅಲ್ಲೇ ನೆಲದ ಮೇಲೆ ಕೂತು ಕಾಲು ಚಾಚಿದಳು. ಚಾಚಿದ ಕಾಲ ಮೇಲೆ ಇಲ್ಲದ ಕೂಸನ್ನು ಮಲಗಿಸಿ, ಕೈ ಎಳೆದಳು, ಕಾಲು ಎಳೆದಳು, ಕೈಕಾಲು ಅಡ್ಡಡ್ಡ ಕೂಡಿಸಿದಳು. ಆಮೇಲೆ ಎರಡು ಅಂಗೈಯನ್ನು ಇಲ್ಲದ ಕಿವಿಗಳ ಹಿಂದೆ ಇಟ್ಟು, ತಲೆ ಹಿಡಿದು ಇಡೀ ಮೈಯನ್ನು ಮೇಲಕ್ಕೆ ಎತ್ತಿದಳು. ಕುತ್ತಿಗೆ ಉದ್ದವಾಗಲಿ ಎಂದು ಕೂಸುಗಳಿಗೆ ಹೀಗೆ ಮಾಡುವುದನ್ನು ನಾನೂ ನೋಡಿದ್ದೇನೆ. ನನ್ನನ್ನೂ ನಮ್ಮಜ್ಜಿ ಹೀಗೆ ಎತ್ತಿದ್ದಳಂತೆ.

“ಇದು ಗಿಡ್ಡ ಅದ ಅಂತ ಎರಡು ಹೊತ್ತೂ ಎಳೀತೀನ್ರಿ,” ಎಂದಳು. “ಸ್ವಲ್ಪ ಉದ್ದ ಆದ್ರ ನಾಳಿ ಲಗ್ನಕ್ಕ ತ್ರಾಸ ಆಗಬಾರದು ನೋಡ್ರಿ.”

ತಾಯಿ ಫಿಲ್ಮನ್ನೇ ನೋಡುತ್ತಿದ್ದಳು. ನಾನು ಹೇಳಬೇಕಾದದ್ದನ್ನು ಹೇಳಿದೆ. ಎಳೆದರೆ ಆ ಎಲುಬು ಹುರಿಯನ್ನು ಇನ್ನಷ್ಟು ಹಿಂಡುತ್ತದೆ, ಒಂದು ಸಲ ಎಳೆದಾಗಲೇ ಉಸಿರು ಪೂರ್ತಿ ನಿಲ್ಲಬಹುದು, ಇವತ್ತಿನಿಂದ ಎಳೆಯುವ ಹಾಗಿಲ್ಲ. ಮೆತ್ತಗೆ ಹೇಳಿದರೆ ಬಿಡುವವಳಲ್ಲ ಎಂದು ಗಟ್ಟಿಯಾಗಿಯೇ ಹೇಳಿದೆ. ಇವತ್ತು ಅಂಥ ಅಜ್ಜಿ ಎದುರು ಕೂತರೂ ಹಾಗೇ ಹೇಳುತ್ತೇನೆ. ಅವಳು ಕಾಲು ಮಡಿಚಿಕೊಂಡು, ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು.

ಫಿಲ್ಮನ್ನು ದೊಡ್ಡ ಲಕೋಟೆಯಲ್ಲಿ ಹಾಕಿ ಕೊಡುತ್ತಾ, ಎಲ್ಲಿಗೆ ಹೋದರೂ ಇದನ್ನು ತಪ್ಪದೆ ತನ್ನಿ ಎಂದೆ.

ಮುಂದಿನದೆಲ್ಲ ಫೋನಿನ ಕೆಲಸ. ಪರಿಚಯದ ನರಶಸ್ತ್ರಚಿಕಿತ್ಸಕರೊಬ್ಬರು ದೊಡ್ಡ ಆಸ್ಪತ್ರೆಯಲ್ಲಿದ್ದರು. ಚಿತ್ರ ನೋಡಿ ತಡಮಾಡದೆ ಒಪ್ಪಿಕೊಂಡರು. ಹಿಂಡುತ್ತಿರುವ ಮೂಳೆಯ ಅಂಚನ್ನು ಕೊರೆದು ತೂತು ದೊಡ್ಡದು ಮಾಡುವುದು, ಕೇಳಲು ಸರಳ. ಆದರೆ ಕೂಸನ್ನು ಬೋರಲು ಮಲಗಿಸಿ, ಅದೇ ಕುತ್ತಿಗೆಯನ್ನು ಸ್ವಲ್ಪ ಬಾಗಿಸಿಯೇ ಮಾಡಬೇಕು. ಅರಿವಳಿಕೆ ಕೊಡುವವರು ಹಿಂಜರಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ನಾನು ಸಿಟ್ಟಿನಲ್ಲಿ ಅಂದದ್ದಕ್ಕೆ ಶಸ್ತ್ರಚಿಕಿತ್ಸಕರು, “ಪೂಜಾರಿ ಹೇಳುವುದು ಸರಿ ಇದೆ ಮೇಡಂ, ಕೂಸಿನ ಜೀವ ಟೇಬಲ್ ಮೇಲೆ ಹೋದರೆ ಮೊದಲು ಅವರ ಕೈಯಲ್ಲೇ ಹೋಗುವುದು,” ಎಂದರು. ಕೊನೆಗೆ ಮಕ್ಕಳ ಅರಿವಳಿಕೆಯಲ್ಲಿ ಪಳಗಿದ ಒಬ್ಬರು ಸಿಕ್ಕಿದರು, ದಿನ ಗೊತ್ತಾಯಿತು.

ಆ ದಿನಕ್ಕೆ ಸರಿಯಾಗಿ ಕೂಸಿಗೆ ನೆಗಡಿ. ಎದೆಯಲ್ಲಿ ಕಫ ಇರುವಾಗ ಅರಿವಳಿಕೆ ಕೊಡುವಂತಿಲ್ಲ, ವಾಪಸು ಕಳಿಸಿದರು. ಎರಡನೇ ಸಲ ದಿನ ನಿಗದಿಯಾದಾಗ ಜ್ವರ. ಸಿಮೆಂಟಿನ ಧೂಳಿನಲ್ಲಿ ಬದುಕುವ ಕೂಸಿಗೆ ನೆಗಡಿ ಬಿಡಬೇಕೆಂದರೆ ಧೂಳು ಬಿಡಬೇಕು, ಧೂಳು ಬಿಡಬೇಕೆಂದರೆ ಕೆಲಸ ಬಿಡಬೇಕು. ಅಷ್ಟರಲ್ಲಿ ಊರಿಗೆ ಮರಳಿದ್ದ ಮಕ್ಕಳ ವೈದ್ಯೆ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಲು ಹೇಳಿ ನೋಡಿದರು. ವಾರ್ಡಿನಲ್ಲಿ ನ್ಯುಮೋನಿಯಾದ ಮಕ್ಕಳು ಮಂಚಕ್ಕಿಬ್ಬರಿದ್ದರು, ಅಲ್ಲಿಗಿಂತ ಅವರಿದ್ದ ತಗಡಿನ ಶೆಡ್ಡೇ ವಾಸಿ ಎಂದಾಯಿತು.

ಒಂದು ಮಧ್ಯಾಹ್ನ ಟೆಕ್ನಿಷಿಯನ್‌ನ ಸ್ಕೂಟರಿನಲ್ಲಿ ಮಾದಾಪುರಕ್ಕೆ ಹೋದೆ. ಹೋಗಿ ಏನು ಮಾಡುವುದಿತ್ತೋ ನನಗೂ ಗೊತ್ತಿರಲಿಲ್ಲ, ಕೋಣೆಯಲ್ಲಿ ಕೂರಲಾಗಲಿಲ್ಲ. ಕಟ್ಟಡದ ಅರ್ಧಕ್ಕೆ ಆಗಲೇ ಗಾಜು ಹತ್ತಿತ್ತು. ಹಿಂಬದಿಯಲ್ಲಿ ತಗಡಿನ ಶೆಡ್ಡುಗಳು, ಮುಂದೆ ಸಾಲಾಗಿ ಕಟ್ಟಿದ ಜೋಲಿಗಳು. ನಾಯಿ, ಲಾರಿ, ಇಟ್ಟಿಗೆ ಚೂರುಗಳ ನಡುವೆ ಎಳೆ ಮಕ್ಕಳನ್ನು ಇಡಲು ಅದೊಂದೇ ಸುರಕ್ಷಿತ ಜಾಗ ಎಂದು ಆಗ ಅರ್ಥವಾಯಿತು. ಈ ಕೂಸು ಮಾತ್ರ ಶೆಡ್ಡಿನೊಳಗೆ ಸೆಂಟ್ರಿಂಗ್ ಹಲಗೆಯ ಮೇಲೆ ಅಂಗಾತ ಮಲಗಿತ್ತು. ಭುಜದಡಿ ಸುತ್ತಿದ ಬಟ್ಟೆ, ಕುತ್ತಿಗೆ ನೆಟ್ಟಗೆ. ನಾವು ಯಂತ್ರದೊಳಗೆ ಮಲಗಿಸಿದ್ದಕ್ಕಿಂತ ಚೆನ್ನಾಗಿ ಮಲಗಿಸಿದ್ದರು. ತಾಯಿ ಪಕ್ಕದಲ್ಲಿ ಕೂತು ಒಂದು ಬೆರಳನ್ನು ಅದರ ಮೂಗಿನ ಹತ್ತಿರ ಹಿಡಿದಿದ್ದಳು.

“ಕೆಲಸಕ್ಕ ಹೋಗೂದಿಲ್ಲೇನು?” ಎಂದೆ.

“ನನ್ನ ಪಾಳಿಗೆ ಅತ್ತಿ ಹೋಗ್ಯಾಳ್ರಿ. ಹಗಲು ನಾ ಉಸರು ನೋಡ್ತೀನಿ, ರಾತ್ರಿ ಅಕಿ ನೋಡ್ತಾಳ.”

ಹೊರಗೆ ಬಂದಾಗ ಅಜ್ಜಿ ತಲೆಯ ಮೇಲೆ ಇಟ್ಟಿಗೆ ಹೊತ್ತು ಸಾರುವೆಯ ಇಳಿಜಾರು ಹತ್ತುತ್ತಿದ್ದಳು. ನನ್ನನ್ನು ನೋಡಿದಳು. ಕೈ ಎತ್ತಲಾಗದೆ ಕಣ್ಣಲ್ಲೇ ನಮಸ್ಕಾರ ಮಾಡಿ ಮೇಲೆ ಹೋದಳು. ವಾಪಸು ಬರುವಾಗ ದಾರಿಯುದ್ದ ಅದನ್ನೇ ಲೆಕ್ಕ ಹಾಕಿದೆ. ರೋಗ ಗೊತ್ತು, ಜಾಗ ಗೊತ್ತು, ಮದ್ದು ಗೊತ್ತು, ಮಾಡುವ ಕೈಯೂ ಸಿಕ್ಕಿದೆ. ಒಂದು ಮೂಗು ಸೋರುವುದು ನಿಲ್ಲಲೆಂದು ಎಲ್ಲರೂ ಕೈಕಟ್ಟಿ ಕಾಯುತ್ತಿದ್ದೆವು.

ಮೂರನೇ ಸಲ ದಿನ ನಿಗದಿಯಾಯಿತು. ನೆಗಡಿ ನಿಂತಿದೆ, ಎದೆ ಶುದ್ಧವಾಗಿದೆ, ಬರುವ ವಾರ ಮಾಡೋಣ ಎಂದು ಶಸ್ತ್ರಚಿಕಿತ್ಸಕರು ಫೋನ್ ಮಾಡಿದರು. ನಾನು ಟೆಕ್ನಿಷಿಯನ್‌ಗೆ ಇರಾನಿ ಚಹಾ ತರಿಸಿಕೊಟ್ಟೆ.

ಆ ವಾರ ಬರುವ ಮೊದಲೇ, ವೀಸಾದವರ ಸಾಲು ಬಾಗಿಲಾಚೆಗೂ ಬೆಳೆದಿದ್ದ ಒಂದು ಬೆಳಿಗ್ಗೆ, ಅತ್ತೆ ಸೊಸೆ ಇಬ್ಬರೂ ಬಂದು ಬೆಂಚಿನ ಅದೇ ತುದಿಯಲ್ಲಿ ಕೂತಿದ್ದರು. ಸೊಸೆಯ ಕೈಯಲ್ಲಿ ಫಿಲ್ಮಿನ ಲಕೋಟೆ ಇತ್ತು. ಕಂಕುಳಲ್ಲಿ ಕೂಸಿರಲಿಲ್ಲ.

ಒಳಗೆ ಕರೆದು ಕೂರಿಸಿದೆ. ತಾಯಿಯೇ ಹೇಳಿದಳು. “ನೀವು ಹೇಳಿದಂಗ ಮಲಗಿಸಿದ್ದೆ. ಬೆರಳು ಹಿಡಿದೇ ಇದ್ದೆ. ನಿಂತಿತು. ಚಿವುಟಿದೆ. ಭಾಳ ಚಿವುಟಿದೆ. ನೆಪ್ಪಾಗಲಿಲ್ರಿ.” ಲಕೋಟೆಯನ್ನು ನನ್ನ ಮೇಜಿನ ಮೇಲಿಟ್ಟಳು. “ಎಲ್ಲಿ ಹೋದ್ರೂ ತರ್ರಿ ಅಂದಿದ್ರಿ. ಊರಿಗೆ ಹೊಂಟೀವಿ. ನಮಗ ಇದನ್ನ ತಗೊಂಡು ಇನ್ನೇನ್ ಮಾಡೂದದ.”

ನನಗೆ ಅಳು ತಡೆಯಲಾಗಲಿಲ್ಲ. ಅವರಿಬ್ಬರೂ ಅಳಲಿಲ್ಲ. ಅತ್ತು ಮುಗಿಸಿ ಬಂದಿದ್ದರು. ಹೊರಗೆ ಯಾರೋ ತಮ್ಮ ಎಕ್ಸ್‌ರೇಗೆ ತಡವಾಗುತ್ತಿದೆ ಎಂದು ಇಂಗ್ಲಿಷಿನಲ್ಲಿ ಜೋರು ಮಾಡುತ್ತಿದ್ದರು.

“ಬಾಯಾರ, ಒಂದ್ ಮಾತ್ ಕೇಳ್ತೀನಿ,” ಎಂದಳು ಅಜ್ಜಿ. “ನಾ ಎಳದಿದ್ದಕ್ಕ ಹೋತೇನ್ರಿ ಕೂಸು?”

ಆ ಬಿಳಿ ಚುಕ್ಕೆ ಎಲುಬಿನಿಂದ ಆದದ್ದೋ, ಜೋಲಿಯಿಂದಲೋ, ಅಜ್ಜಿಯ ಕೈಯಿಂದಲೋ, ಅಥವಾ ಎಲ್ಲ ಸೇರಿಯೋ ಯಾವ ಫಿಲ್ಮೂ ಹೇಳುವುದಿಲ್ಲ. ವರದಿಯಾಗಿದ್ದರೆ ‘ಇರಬಹುದು’ ಎಂದು ಬರೆಯುತ್ತಿದ್ದೆ. ನನ್ನ ಅರ್ಧ ಆಯುಷ್ಯ ಆ ಒಂದು ಪದದ ನೆರಳಿನಲ್ಲೇ ಕಳೆದಿದೆ.

“ಅಲ್ಲಬೇ ಯವ್ವಾ,” ಎಂದೆ. “ಎಲುಬು ಹುಟ್ಟಿದಾಗಿಂದನ ಹಂಗ ಇತ್ತು. ನಿನ್ನಿಂದ ಅಲ್ಲ.”

ಅವಳು ಸಮಾಧಾನಪಟ್ಟುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ನನ್ನ ಮುಖವನ್ನೇ ನೋಡಿದಳು.

“ಹಂಗಂದ್ರ ಯಾಕ ಬ್ಯಾಡ ಅಂದ್ರಿ?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿಯಬೇಕೆಂದೇ ಕೇಳಿದ್ದಳು. “ಅವತ್ತಿಂದ ನಾ ಕೂಸಿಗೆ ಎರೀಲೇ ಇಲ್ರಿ. ರಾತ್ರಿ ಅಂಗಾಲು ಚಿವುಟೂದು ಬಿಟ್ರ ಮುಟ್ಟಲಿಲ್ಲ. ಕೈ ಹಚ್ಚಿದ್ರ ಎಳದೇನೇನೋ ಅಂತ ಅಂಜಿಕಿ. ಇಕಿ ಹಸಿ ಅರಬಿಲೆ ಒರಸತಿದ್ಲು. ಅದು ನನ್ನ ಕಡಿ ನೋಡಿ ಕಾಲ್ ಬಡೀತಿತ್ತು, ನೀರಿಗೆ ಹಾಕು ಅಂತ.”

ಎಳೆಯಬೇಡ ಎಂದಿದ್ದೆ, ಎರೆಯಬೇಡ ಎಂದಿರಲಿಲ್ಲ. ಅದನ್ನೀಗ ಬಿಡಿಸಿ ಹೇಳಿ ಯಾರಿಗೆ ಏನಾಗಬೇಕಿತ್ತು?  ಸೊಸೆ ಎದ್ದು ನಿಂತಳು. ಸಿಕಂದರಾಬಾದಿಗೆ ಹೋಗಿ ರೈಲು ಹಿಡಿಯಬೇಕಿತ್ತು. ಅಜ್ಜಿಯೂ ಎದ್ದಳು. ಬಾಗಿಲ ತನಕ ಹೋದವಳು ತಿರುಗಿ, ನನಗೆ ತಿಳಿದಿರಲಿ ಎನ್ನುವಂತೆ ಹೇಳಿದಳು.

“ಮಣ್ಣಿಗೆ ಒಯ್ಯೂಕಿಂತ ಮೊದಲ ಕಡೀಕ ನಾನೇ ಎರದೆ ಬಾಯಾರ. ಬಿಸಿನೀರು ಕಾಸಿ ಎರದೆ. ಎಳೀಲಿಲ್ಲ.”